ಇನ್ನೂ ಒಂದೂವರೆ ವರ್ಷ ತಡೆದುಕೊಳ್ಳಲಾ, ಇಲ್ಲಿಗೇ ನಿಲ್ಲಿಸಲಾ?

ಬೆಳಗಿನ_ದೀಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ತಿಂಗಳ ಕೊನೆಯೊಳಗೆ ನಾನು ಆಫೀಸಿನಲ್ಲಿ ಹೌದು ಅಥವಾ ಇಲ್ಲ ಅಂತ ಹೇಳಬೇಕು. ಮನೆಯಲ್ಲಿ ಇದರ ಬಗ್ಗೆ ಮಾತಾಡಿ ಮಾತಾಡಿ ಇಬ್ಬರಿಗೂ ಸುಸ್ತಾಗಿದೆ. ಹೊರಗಿನವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಅಂತ ಕೇಳಬೇಕು ಅನ್ನಿಸಿತು.

ನನಗೆ 36 ವರ್ಷ. ಸರಕು ಸಾಗಿಸುವ ಒಂದು ಕಂಪನಿಯಲ್ಲಿ ಬಿಲ್ ತಾಳೆ ನೋಡುವ ಕೆಲಸ. ಲಾರಿಯವರು ತಂದ ಚೀಟಿ ಒಂದು ಕಡೆ, ಗ್ರಾಹಕರಿಗೆ ಹೋದ ಬಿಲ್ ಇನ್ನೊಂದು ಕಡೆ. ಎರಡೂ ಹೊಂದುತ್ತದಾ ಅಂತ ನೋಡುವುದು. 11 ವರ್ಷದಿಂದ ಅದೇ ಕುರ್ಚಿ. ಕೆಲಸ ಕೆಟ್ಟದ್ದಲ್ಲ, ಜೊತೆಗಿರುವವರೂ ಒಳ್ಳೆಯವರು. ಆದರೆ ಲೆಕ್ಕಪತ್ರದ ವೃತ್ತಿ ಪರೀಕ್ಷೆ ಪಾಸಾಗದೆ ಇಲ್ಲಿಂದ ತುಂಬಾ ಮೇಲೆ ಹೋಗಲು ಆಗುವುದಿಲ್ಲ. ಬೇರೆ ಕಡೆ ಅರ್ಜಿ ಹಾಕಿದರೂ ಅದನ್ನೇ ಕೇಳುತ್ತಾರೆ. ಹಾಗಾಗಿ ಎರಡು ವರ್ಷದ ಹಿಂದೆ ಆ ಕೋರ್ಸಿಗೆ ಸೇರಿಕೊಂಡೆ. ಒಟ್ಟು ಮೂರೂವರೆ ವರ್ಷದ್ದು. ಇನ್ನು ಆರು ಪೇಪರ್ ಬಾಕಿ ಇದೆ. ಆರು ತಿಂಗಳಿಗೆ ಎರಡರಂತೆ ಬರೆದರೆ ಒಂದೂವರೆ ವರ್ಷ.

ನನ್ನ ದಿನ ಹೀಗಿದೆ. ನಾಲ್ಕೂವರೆಗೆ ಅಲಾರಾಂ. ಆರೂವರೆ ತನಕ ಓದು. ಆಮೇಲೆ ಮನೆ, ಆಫೀಸು, ಮನೆ. ರಾತ್ರಿ ಮಗ ಮಲಗಿದ ಮೇಲೆ ಮತ್ತೆ ಒಂದೂವರೆ ಗಂಟೆ. ಮಲಗುವಾಗ ಹನ್ನೊಂದೂವರೆ ಆಗಿರುತ್ತದೆ. ಭಾನುವಾರ ಪೂರ್ತಿ ಕ್ಲಾಸ್. ಎರಡು ವರ್ಷದಲ್ಲಿ ನಾನು ಒಂದು ಮದುವೆಗೆ ಹೋಗಿದ್ದೇನೆ, ಅದೂ ಅರ್ಧಕ್ಕೆ ಎದ್ದು ಬಂದೆ. ಇದಕ್ಕೆಲ್ಲ ನನಗೆ ದುಃಖವಿಲ್ಲ. ಗೊತ್ತಿದ್ದೇ ಸೇರಿದ್ದು.

ಹೋದ ತಿಂಗಳು ಎರಡು ವಿಷಯ ನಡೆದವು.

ಒಂದು, ನಮ್ಮ ಮ್ಯಾನೇಜರ್ ಕರೆದು ಟೀಮ್ ಲೀಡರ್ ಜಾಗ ಖಾಲಿಯಾಗಿದೆ, ನೀವು ತೆಗೆದುಕೊಳ್ಳಿ ಅಂದರು. ಸಂಬಳ ಈಗಿನದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ. ಆದರೆ ದಿನಾ ಸಂಜೆ ಎರಡು ಗಂಟೆ ಹೆಚ್ಚು ಇರಬೇಕು, ತಿಂಗಳ ಕೊನೆಯಲ್ಲಿ ಇನ್ನೂ ಜಾಸ್ತಿ. ಅದರ ಜೊತೆಗೆ ಓದು ಸಾಧ್ಯವಿಲ್ಲ.

ಎರಡನೆಯದು ಹೇಳಲು ಸಣ್ಣದು. ನನ್ನ ಮಗನಿಗೆ ಆರು ವರ್ಷ. ಸ್ಕೂಲಿಗೆ ಹೊರಟಿದ್ದ, ಶೂ ಲೇಸ್ ಬಿಚ್ಚಿತ್ತು. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಬ್ಯಾಗಿಗೆ ಪುಸ್ತಕ ತುಂಬುತ್ತಿದ್ದೆ. ಅವನು ನನ್ನನ್ನು ದಾಟಿಕೊಂಡು, ಸ್ನಾನಕ್ಕೆ ಹೋಗಿದ್ದ ಅಪ್ಪನ ಬಾಗಿಲು ತಟ್ಟಿ, ‘ಲೇಸ್ ಕಟ್ಟು’ ಅಂತ ನಿಂತ. ನಾನು ಕಟ್ಟುತ್ತೇನೆ ಬಾ ಅಂದೆ. ‘ಬೇಡ, ನಿನಗೆ ಕೆಲಸ ಇದೆಯಲ್ವಾ’ ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ನನಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು ಹೇಳಿದ್ದು. ಆವತ್ತು ಆಫೀಸಿನಲ್ಲಿ ಒಂದು ಬಿಲ್ಲೂ ಸರಿಯಾಗಿ ಕಣ್ಣಿಗೆ ಬೀಳಲಿಲ್ಲ.

ಈಗ ಬಿಟ್ಟರೆ ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮುಂದುವರಿಸಿದರೆ ಇನ್ನೂ ಒಂದೂವರೆ ವರ್ಷ ಹೀಗೇ. ಮುಂದೆ ಸಿಗುವುದಕ್ಕಾಗಿ ಈಗ ಬಿಟ್ಟುಕೊಡಬೇಕು ಅನ್ನುವುದನ್ನು ನಾನು ನಂಬುತ್ತೇನೆ. ಆದರೆ ಎಷ್ಟು ಬಿಟ್ಟುಕೊಟ್ಟರೆ ಅದು ಜಾಸ್ತಿಯಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಇಂಥದ್ದನ್ನು ದಾಟಿದವರು ಇದ್ದರೆ, ನೀವು ಹೇಗೆ ತೀರ್ಮಾನ ಮಾಡಿದಿರಿ ಅಂತ ದಯವಿಟ್ಟು ಹೇಳಿ.

ಹಳೆಯ_ನಕ್ಷೆಗಾರ

ತಂಗೀ, ನನಗೆ 57. ಇಂಥ ಆಟ ಎರಡು ಸಲ ಆಡಿದ್ದೇನೆ. ಒಮ್ಮೆ ಗೆದ್ದೆ, ಒಮ್ಮೆ ಪೂರ್ತಿ ಸೋತೆ. ಎರಡನ್ನೂ ಹೇಳುತ್ತೇನೆ.

ಮೊದಲನೆಯದು. ನಾನು ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವವನು. ಪೆನ್ಸಿಲ್, ಟಿ ಸ್ಕ್ವೇರ್, ದೊಡ್ಡ ಹಲಗೆ. 29 ವರ್ಷ ಆದಾಗ ಆ ಕೆಲಸವೆಲ್ಲ ಕಂಪ್ಯೂಟರಿಗೆ ಹೋಗುತ್ತದೆ ಅಂತ ಸ್ಪಷ್ಟವಾಯಿತು. 14 ತಿಂಗಳು ಪ್ರತಿ ಸಂಜೆ ಕ್ಲಾಸಿಗೆ ಹೋದೆ. ಓವರ್‌ಟೈಮ್ ಬಿಟ್ಟೆ, ಹಾಗಾಗಿ ಕೈಗೆ ಬರುವ ಹಣ ಕಡಿಮೆಯಾಯಿತು. ನನ್ನ ಜೊತೆಯವರು ಆಗ ಓವರ್‌ಟೈಮ್‌ನಲ್ಲೇ ಸ್ಕೂಟರ್ ತಗೊಂಡರು. ನಾನು ಹಳೇ ಸೈಕಲ್ ತುಳಿದೆ. ಹದಿನಾಲ್ಕನೇ ತಿಂಗಳಿಗೆ ಕಲಿಕೆ ಮುಗಿಯಿತು. ಆಮೇಲೆ ಹಲಗೆಗಳು ಗೋದಾಮಿಗೆ ಹೋದಾಗ ನಾನು ಉಳಿದೆ.

ಎರಡನೆಯದು 38ರಲ್ಲಿ. ಒಂದು ಸಣ್ಣ ಕಾರ್ಖಾನೆ. ಯಜಮಾನರು ಹೇಳಿದರು, ‘ಎರಡು ವರ್ಷ ಕಷ್ಟಪಡು, ನಿನ್ನನ್ನು ಪಾಲುದಾರ ಮಾಡಿಕೊಳ್ಳುತ್ತೇನೆ.’ ಸಂಬಳ ಏರಿಸಿ ಅಂತ ಕೇಳಲಿಲ್ಲ. ರಜೆ ತೆಗೆದುಕೊಳ್ಳಲಿಲ್ಲ. ಎರಡು ವರ್ಷ ಮುಗಿಯಿತು. ಈ ಆರ್ಡರ್ ಒಂದು ಮುಗಿಯಲಿ ಅಂದರು. ಆಮೇಲೆ ಹೊಸ ಮೆಷಿನ್ ಬರಲಿ ಅಂದರು. ಹೀಗೆ ಐದು ವರ್ಷ. ಕೊನೆಗೆ ಕಾರ್ಖಾನೆ ಮಾರಿದರು. ಕೊಂಡವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಆ ಐದು ವರ್ಷದಲ್ಲಿ ನನ್ನ ಅಪ್ಪ ತೀರಿಹೋದರು. ಕೊನೆಯ ಮೂರು ತಿಂಗಳು ಅವರ ಹತ್ತಿರ ನಾನು ಒಟ್ಟು ಸೇರಿಸಿದರೆ ಮೂರ್ನಾಲ್ಕು ದಿನ ಇದ್ದಿರಬೇಕು, ಅಷ್ಟೆ.

ಎರಡೂ ಸಲ ನಾನು ಅದೇ ಮನುಷ್ಯ. ತಾಳ್ಮೆಯೂ ಅಷ್ಟೇ ಇತ್ತು. ಎರಡನೇ ಸಲ ಇನ್ನೂ ಜಾಸ್ತಿಯೇ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ ಅಂತ ವರ್ಷಗಟ್ಟಲೆ ಯೋಚಿಸಿದ್ದೇನೆ.

ಮಕ್ಕಳ ಮುಂದೆ ಸಿಹಿ ಇಟ್ಟು ಮಾಡಿದ ಪ್ರಯೋಗ ನೀವು ಕೇಳಿರಬಹುದು. ವಾಲ್ಟರ್ ಮಿಶೆಲ್ ಅನ್ನುವವರು ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ‘ಈಗಲೇ ತಿಂದರೆ ಒಂದು, ನಾನು ವಾಪಸ್ ಬರುವ ತನಕ ಕಾದರೆ ಎರಡು’ ಅಂತ ಮಕ್ಕಳಿಗೆ ಹೇಳಿ ಹೋಗುತ್ತಿದ್ದರು. ಕಾದ ಮಕ್ಕಳೇ ಮುಂದೆ ಜೀವನದಲ್ಲಿ ಚೆನ್ನಾಗಿ ಬಂದರು ಅಂತ ಎಲ್ಲ ಕಡೆ ಹೇಳುತ್ತಾರೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಟೈಲರ್ ವಾಟ್ಸ್ ಮತ್ತು ಅವರ ಜೊತೆಯವರು ಮತ್ತೆ ನೋಡಿದಾಗ, ಆ ಸಂಬಂಧ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಇನ್ನೂ ಚಿಕ್ಕದಾಯಿತು.

ಆದರೆ ನನ್ನ ಮನಸ್ಸಿಗೆ ತಾಗಿದ್ದು ಇನ್ನೊಂದು. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಅವರ ಜೊತೆಯವರು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. 28 ಪುಟ್ಟ ಮಕ್ಕಳು. ಸಿಹಿ ಇಡುವ ಮೊದಲೇ ಅವರಿಗೆ ಚಿತ್ರ ಬರೆಯಲು ಹಳೇ ಬಣ್ಣದ ಕಡ್ಡಿ (ಕ್ರೇಯಾನ್) ಕೊಟ್ಟು, ‘ಸ್ವಲ್ಪ ಕಾಯಿರಿ, ಒಳ್ಳೆಯದನ್ನು ತರುತ್ತೇನೆ’ ಅಂತ ದೊಡ್ಡವರು ಹೇಳಿ ಹೋಗುತ್ತಾರೆ. ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಇನ್ನರ್ಧ ಮಕ್ಕಳ ಹತ್ತಿರ ಬರಿಗೈಯಲ್ಲಿ ಬಂದು, ‘ಇಲ್ಲ, ಖಾಲಿಯಾಗಿದೆ’ ಅಂದರು. ಆಮೇಲೆ ಸಿಹಿ ಇಟ್ಟರು. ದೊಡ್ಡವರು ಮಾತು ಉಳಿಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು 3 ನಿಮಿಷ. ಆ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ಹೇಳಲು ಆಗುತ್ತದಾ? ಅವರು ಸರಿಯಾಗಿಯೇ ಲೆಕ್ಕ ಹಾಕಿದರು.

ನಾನು ಐದು ವರ್ಷ ಕಾದಿದ್ದು, ಬಣ್ಣದ ಕಡ್ಡಿ ಎರಡು ಸಲ ತರದೆ ಬಂದವರನ್ನು ನಂಬಿ. ಕ್ಲಾಸಿನ 14 ತಿಂಗಳು ಹಾಗಲ್ಲ. ಇಷ್ಟು ಕಲಿತರೆ ಇಷ್ಟು ಬರುತ್ತದೆ, ಕಲಿತದ್ದು ನನ್ನ ಕೈಯಲ್ಲೇ ಇರುತ್ತದೆ. ಅದನ್ನು ಯಾರೂ ಮಾರಲು ಆಗುವುದಿಲ್ಲ.

ಹಾಗಾಗಿ ನಿಮಗೆ ನನ್ನ ಮೊದಲ ಪ್ರಶ್ನೆ. ಈ ಎರಡರಲ್ಲಿ ಯಾವುದರ ಮಾತು ಬರವಣಿಗೆಯಲ್ಲಿದೆ? ಆರು ಪೇಪರ್ ಪಾಸಾದರೆ ಸರ್ಟಿಫಿಕೇಟ್ ಬರುತ್ತದೆ, ಅದು ನಿಯಮ. ಟೀಮ್ ಲೀಡರ್ ಆದ ಮೇಲೆ ಮುಂದೇನು ಅಂತ ಯಾರಾದರೂ ಬರೆದು ಕೊಟ್ಟಿದ್ದಾರಾ? ಎಷ್ಟು ಗಂಟೆ ಕೆಲಸ ಅಂತ?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಎರಡು ವರ್ಷ ವ್ಯರ್ಥವಾಗುತ್ತದೆ ಅನ್ನುವುದನ್ನು ಲೆಕ್ಕದಿಂದ ತೆಗೆದುಬಿಡಿ. ಕಾರ್ಖಾನೆಯಲ್ಲಿ ನನ್ನನ್ನು ಕಟ್ಟಿಹಾಕಿದ್ದು ಅದೇ. ಮೂರು ವರ್ಷ ಆಯಿತು, ಈಗ ಬಿಟ್ಟರೆ ಹೇಗೆ. ನಾಲ್ಕಾಯಿತು, ಈಗಂತೂ ಬಿಡಲೇಬಾರದು. ಹೋದದ್ದು ಹೋಯಿತು. ಬಿಟ್ಟರೂ ಬರುವುದಿಲ್ಲ, ಮುಂದುವರಿಸಿದರೂ ಬರುವುದಿಲ್ಲ. ಇವತ್ತಿನಿಂದ ಮುಂದಿನ ಒಂದೂವರೆ ವರ್ಷ ಕೊಟ್ಟರೆ ಏನು ಸಿಗುತ್ತದೆ, ಅಷ್ಟನ್ನೇ ನೋಡಿ.

ರಾತ್ರಿಪಾಳಿ

ಅಕ್ಕಾ, ನಾನು ನರ್ಸ್. ಬೇರೆಯವರು ದುಡ್ಡು, ಕೆಲಸದ ಬಗ್ಗೆ ಹೇಳಲಿ. ನಾನು ನಿಮ್ಮ ಅಲಾರಾಂ ಬಗ್ಗೆ ಮಾತ್ರ ಹೇಳುತ್ತೇನೆ. ಹನ್ನೊಂದೂವರೆಯಿಂದ ನಾಲ್ಕೂವರೆ ಅಂದರೆ 5 ಗಂಟೆ ನಿದ್ದೆ. ಎರಡು ವರ್ಷದಿಂದ!

ಹ್ಯಾನ್ಸ್ ವಾನ್ ಡಾಂಗೆನ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 48 ಆರೋಗ್ಯವಂತರು. 14 ದಿನ ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6, ಕೆಲವರಿಗೆ 4 ಗಂಟೆ ಮಲಗಲು ಬಿಟ್ಟರು. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ, ನೆನಪು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ಎರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೂ ಹೋಯಿತು. ಭಯದ ವಿಷಯ ಅದಲ್ಲ. ಅವರಿಗೆ ಅದು ಸರಿಯಾಗಿ ಗೊತ್ತಾಗುತ್ತಲೇ ಇರಲಿಲ್ಲ. ಸ್ವಲ್ಪ ನಿದ್ದೆ ಬರುತ್ತಿದೆ, ಪರವಾಗಿಲ್ಲ ಅನ್ನುತ್ತಿದ್ದರು.

ನನಗೂ ಆಗಿದೆ. ಮೇಲಿನ ಕೋರ್ಸಿಗೆ ಸೇರಿ, ರಾತ್ರಿಪಾಳಿ ಮುಗಿಸಿ ಹಗಲು ಓದುತ್ತಿದ್ದೆ. ನಾಲ್ಕು ತಿಂಗಳು ನಡೆಯಿತು, ಅಭ್ಯಾಸ ಆಗಿಬಿಟ್ಟಿದೆ ಅಂದುಕೊಂಡೆ. ಒಂದು ದಿನ ಔಷಧದ ಸೀಸೆ ಕೈಯಲ್ಲಿ ಹಿಡಿದು ಲೇಬಲ್ ಓದಿದೆ, ಸರಿ ಇದೆ ಅಂದೆ. ಪಕ್ಕದಲ್ಲಿದ್ದವಳು ನನ್ನ ಮಣಿಕಟ್ಟು ಹಿಡಿದು ಮತ್ತೆ ಓದು ಅಂದಳು. ಬೇರೆ ಔಷಧ. ಯಾರಿಗೂ ಏನೂ ಆಗಲಿಲ್ಲ, ಕೊಡುವ ಮೊದಲೇ ಗೊತ್ತಾಯಿತು. ಆವತ್ತು ಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಕೋರ್ಸ್ ಬಿಡಲಿಲ್ಲ, ಆದರೆ 7 ಗಂಟೆ ನಿದ್ದೆ ಮೊದಲು ಎತ್ತಿಟ್ಟು ಉಳಿದ ಸಮಯದಲ್ಲಿ ಎಷ್ಟಾಗುತ್ತದೋ ಅಷ್ಟು ಓದಿದೆ. ಒಂದು ವರ್ಷ ತಡವಾಗಿ ಮುಗಿಯಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಕಡಿಮೆ ಹೊತ್ತು ಓದಿ ಮೊದಲಿಗಿಂತ ಜಾಸ್ತಿ ನೆನಪಿಟ್ಟುಕೊಂಡೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು ಅಂತ. ಅದು ಸಂಬಳದ ಕೆಲಸದ ಲೆಕ್ಕ, ಓದನ್ನು ಅದರಲ್ಲಿ ಸೇರಿಸಿಲ್ಲ. ಆದರೂ ನಿಮ್ಮ ವಾರದ ಗಂಟೆ ಒಮ್ಮೆ ಕೂಡಿಸಿ ನೋಡಿ ಅಕ್ಕಾ. ಟೀಮ್ ಲೀಡರ್ ಆದರೂ ಆ ಗಂಟೆ ಕಡಿಮೆ ಆಗುವ ಹಾಗೆ ಕಾಣುತ್ತಿಲ್ಲ.

ಚಕ್ರಬಡ್ಡಿ

ಹಣದ ಕಡೆಯಿಂದ ಯಾರೂ ಹೇಳಿಲ್ಲವಲ್ಲ, ನಾನು ಹೇಳುತ್ತೇನೆ. ಜನರ ಉಳಿತಾಯದ ಲೆಕ್ಕ ನೋಡಿಕೊಡುವುದೇ ನನ್ನ ಕೆಲಸ.

ಈಗ ಕಷ್ಟಪಡು, ಮುಂದೆ ಸುಖಪಡು ಅನ್ನುವುದು ಹಣದ ವಿಷಯದಲ್ಲಿ ನಿಜ, ಕಾಗದದ ಮೇಲೆ ತೋರಿಸಬಹುದಾದಷ್ಟು ನಿಜ. ಒಬ್ಬರು 25ರಿಂದ 35ರ ತನಕ ವರ್ಷಕ್ಕೆ ಒಂದು ಪಾಲು ಎತ್ತಿಡುತ್ತಾರೆ, ಆಮೇಲೆ ನಿಲ್ಲಿಸಿ ಅದನ್ನು ಮುಟ್ಟದೆ ಬಿಡುತ್ತಾರೆ. ಇನ್ನೊಬ್ಬರು 35ಕ್ಕೆ ಶುರು ಮಾಡಿ 60ರ ತನಕ ಪ್ರತಿ ವರ್ಷ ಒಂದು ಪಾಲು ಇಡುತ್ತಾರೆ. ಇಬ್ಬರಿಗೂ ವರ್ಷಕ್ಕೆ 8% ಬೆಳವಣಿಗೆ ಅಂತ ಇಟ್ಟುಕೊಳ್ಳಿ. 60ಕ್ಕೆ ಮೊದಲನೆಯವರ ಹತ್ತಿರ ಸುಮಾರು 99 ಪಾಲು, ಎರಡನೆಯವರ ಹತ್ತಿರ ಸುಮಾರು 73. ಹತ್ತು ಸಲ ಇಟ್ಟವರು ಇಪ್ಪತ್ತೈದು ಸಲ ಇಟ್ಟವರಿಗಿಂತ ಮುಂದೆ. ಬೆಲೆ ಏರಿಕೆ ಇಬ್ಬರನ್ನೂ ತಿನ್ನುತ್ತದೆ, ಅದು ಬೇರೆ ಮಾತು.

ಇದನ್ನು ನೋಡಿದವರು ಎಲ್ಲದಕ್ಕೂ ಇದೇ ಲೆಕ್ಕ ಹಾಕಲು ಶುರು ಮಾಡುತ್ತಾರೆ, ಅಲ್ಲೇ ತಪ್ಪುವುದು. ಇವತ್ತು ಇಟ್ಟ ಹಣ ನಾಳೆ ಬಡ್ಡಿ ಸಮೇತ ಬರುತ್ತದೆ. ಇವತ್ತು ಬಿಟ್ಟ ನಿದ್ದೆ ಹಾಗೆ ಬರುವುದಿಲ್ಲ. ಆರು ವರ್ಷದ ಮಗ ಒಂದೂವರೆ ವರ್ಷದ ನಂತರ ಏಳೂವರೆ ಆಗಿರುತ್ತಾನೆ, ಆರಾಗಿ ಕಾದಿರುವುದಿಲ್ಲ. ನನ್ನ ಹತ್ತಿರ ಬರುವವರಿಗೆ ನಾನು ಯಾವಾಗಲೂ ಕೇಳುವುದು ಇದನ್ನೇ. ನೀವು ಬಿಡುತ್ತಿರುವುದು ವಾಪಸ್ ಬರುವಂಥದ್ದಾ, ಅಲ್ಲವಾ? ಬರುವಂಥದ್ದಾದರೆ ಧಾರಾಳವಾಗಿ ಬಿಡಿ. ಹೊಸ ಫೋನ್, ಪ್ರವಾಸ, ದೊಡ್ಡ ಮನೆ, ಎಲ್ಲವೂ ಆಮೇಲೆ ಬರುತ್ತವೆ.

ಇನ್ನೊಂದು ಕೆಲಸಕ್ಕೆ ಬರುವ ವಿಷಯ. ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಒಂದು ಕಂಪನಿಯ ನೌಕರರ ಜೊತೆ ಒಂದು ಉಪಾಯ ಮಾಡಿ ನೋಡಿದರು, 2004ರಲ್ಲಿ ಪ್ರಕಟವಾಯಿತು. ಈಗಿನ ಸಂಬಳದಲ್ಲಿ ಕಡಿತ ಬೇಡ, ಮುಂದೆ ಸಂಬಳ ಏರಿದಾಗೆಲ್ಲ ಆ ಏರಿಕೆಯಲ್ಲಿ ಒಂದಿಷ್ಟು ಉಳಿತಾಯಕ್ಕೆ ಹೋಗಲಿ ಅಂತ ಮೊದಲೇ ಒಪ್ಪಿಸಿದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ 3.5%ರಿಂದ 13.6%ಕ್ಕೆ ಹೋಯಿತು. ಕೈಗೆ ಬಂದದ್ದು ಯಾವತ್ತೂ ಕಡಿಮೆಯಾಗಲಿಲ್ಲ, ಹಾಗಾಗಿ ಹೆಚ್ಚಿನವರು ಅರ್ಧಕ್ಕೆ ಬಿಡಲಿಲ್ಲ. ಹಲ್ಲು ಕಚ್ಚಿ ಮಾಡುವ ತ್ಯಾಗಕ್ಕಿಂತ ನೋವಿಲ್ಲದ ಹಾಗೆ ಜೋಡಿಸಿಕೊಂಡದ್ದು ಹೆಚ್ಚು ದಿನ ನಡೆಯುತ್ತದೆ ಅಂತ ನಾನು ದಿನಾ ನೋಡುತ್ತೇನೆ.

ಮೇಡಂ, ಸಂಬಳ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ ಅಂದಿರಿ. ಗಂಟೆಯ ಲೆಕ್ಕದಲ್ಲಿ ನೋಡಿದ್ದೀರಾ? ದಿನಕ್ಕೆ 8 ಗಂಟೆ ಇದ್ದದ್ದು 10 ಆದರೆ ಗಂಟೆ ಕಾಲು ಭಾಗ ಜಾಸ್ತಿಯಾಯಿತು. ತಿಂಗಳ ಕೊನೆಯದನ್ನೂ ಸೇರಿಸಿದರೆ, ಗಂಟೆಗೆ ಸಿಗುವುದು ಈಗಿನಷ್ಟೇ ಆಗಬಹುದು. ಅದು ಬಡ್ತಿ ಅಲ್ಲ, ಓವರ್‌ಟೈಮ್.

ಬೆಳಗಿನ_ದೀಪ

ಎಲ್ಲರಿಗೂ ತುಂಬಾ ಧನ್ಯವಾದ. ಒಂದೊಂದೇ ಉತ್ತರ ಕೊಡುತ್ತೇನೆ.

ನಕ್ಷೆಗಾರ ಅಣ್ಣಾ, ನಿಮ್ಮ ಅಪ್ಪನ ವಿಷಯ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಬರವಣಿಗೆಯಲ್ಲಿ ಏನೂ ಇಲ್ಲ. ನಿಮ್ಮ ಮಾತಿನ ಮೇಲೆ ಮ್ಯಾನೇಜರನ್ನು ಕೇಳಿದೆ. ‘ಅದೆಲ್ಲ ಆಮೇಲೆ ನೋಡೋಣ, ಮೊದಲು ಒಪ್ಪಿಕೊಳ್ಳಿ’ ಅಂದರು. ಅವರು ಕೆಟ್ಟವರಲ್ಲ. ಅವರಿಗೂ ಮೇಲಿನವರು ಏನೂ ಹೇಳಿಲ್ಲ ಅಂತ ಮುಖ ನೋಡಿದರೆ ಗೊತ್ತಾಯಿತು.

ಚಕ್ರಬಡ್ಡಿಯವರೇ, ಲೆಕ್ಕ ಹಾಕಿದೆ. ನೀವು ಹೇಳಿದ ಹಾಗೆಯೇ ಇದೆ. ದಿನವಿಡೀ ಬೇರೆಯವರ ಬಿಲ್ ತಾಳೆ ನೋಡುವ ನಾನು ನನ್ನದನ್ನೇ ನೋಡಿರಲಿಲ್ಲ.

ರಾತ್ರಿಪಾಳಿಯವರೇ, ಹೌದು. ಹೋದ ಪರೀಕ್ಷೆಯಲ್ಲಿ ಗೊತ್ತಿದ್ದ ಪ್ರಶ್ನೆಯಲ್ಲೇ ಕೂಡುವ ಕಡೆ ಕಳೆದು ಬಂದಿದ್ದೆ. ಗಡಿಬಿಡಿ ಅಂದುಕೊಂಡಿದ್ದೆ.

ಇದೆಲ್ಲ ಓದಿದ ಮೇಲೆ, ಈ ಎರಡು ವರ್ಷದಲ್ಲಿ ಏನೇನು ಬಿಟ್ಟಿದ್ದೇವೆ ಅಂತ ನಾನು, ನನ್ನ ಗಂಡ ಕೂತು ಒಂದು ಹಾಳೆಯಲ್ಲಿ ಬರೆದೆವು. ನನ್ನ ಸಾಲಿನಲ್ಲಿ ನಿದ್ದೆ, ಮದುವೆ ಮುಂಜಿ, ಗೆಳತಿಯರು. ಅವರು ತಮ್ಮ ಸಾಲಿನಲ್ಲಿ ಏನೂ ಬರೆಯಲಿಲ್ಲ, ನನ್ನದೇನೂ ಇಲ್ಲ ಅಂದರು. ಆಮೇಲೆ ನಾನು ಅಟ್ಟದಿಂದ ಹಳೇ ಪುಸ್ತಕ ತೆಗೆಯಲು ಹೋದಾಗ ಒಂದು ಚೀಲದಲ್ಲಿ ಅವರ ಓಟದ ಶೂ ಸಿಕ್ಕಿತು. ನನಗೆ ಅವರ ಪರಿಚಯ ಆದಾಗಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಓಡಲು ಹೋಗುತ್ತಿದ್ದ ಮನುಷ್ಯ. ಬೆಳಿಗ್ಗೆ ನಾನು ಓದಲು ಕೂತರೆ ಮಗ ಎದ್ದಾಗ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಯಾವತ್ತು ಬಿಟ್ಟರೋ ನನಗೆ ನೆನಪೇ ಇಲ್ಲ. ನಾನು ಕೇಳಿಯೂ ಇಲ್ಲ.

ನಾನು ತ್ಯಾಗ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮೂರು ಜನ ಮಾಡುತ್ತಿದ್ದೇವೆ. ಇಬ್ಬರನ್ನು ನಾನು ಕೇಳಿಯೇ ಇಲ್ಲ.

ಮೂರನೇ_ಕಿಟಕಿ

ನಾನು ಇಲ್ಲಿ ಬರೆಯುವುದು ಕಡಿಮೆ. ನನಗೆ 24. ಶೂ ಲೇಸ್ ಭಾಗ ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು, ಯಾಕೆಂದರೆ ನಾನು ಆ ಮಗುವಿನ ಕಡೆಯವಳು.

ನಮ್ಮಪ್ಪ ಸರಕು ಹಡಗಿನಲ್ಲಿ ಎಂಜಿನಿಯರ್. ಒಂದೊಂದು ಸಲ ಹೋದರೆ ಏಳೆಂಟು ತಿಂಗಳು. ಚಿಕ್ಕವಳಿದ್ದಾಗ ನನಗೆ ಅದು ಅಷ್ಟೇನೂ ಕಷ್ಟ ಆಗಲಿಲ್ಲ, ನಿಜವಾಗಿಯೂ. ಹೋಗುವ ಮೊದಲು ಅಪ್ಪ ಬಣ್ಣದ ಕಾಗದ ಕತ್ತರಿಸಿ ಉಂಗುರ ಮಾಡಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದರು. ವಾರಕ್ಕೊಂದು ಉಂಗುರ. ಭಾನುವಾರ ಒಂದು ಹರಿಯಬೇಕು. ಕಿಟಕಿಗೆ ಕಟ್ಟಿದ ಸರ ಮೂರನೇ ಸರಳಿಗೆ ಬಂತು ಅಂದರೆ ಅಪ್ಪ ಬರುವ ತಿಂಗಳು. ನಾನು ಎಲ್ಲರಿಗೂ ತೋರಿಸುತ್ತಿದ್ದೆ.

ನನಗೆ 11 ಆದಾಗ ಅಪ್ಪ ‘ಇದೇ ಕೊನೆ ಸಲ, ಆಮೇಲೆ ದಡದ ಮೇಲಿನ ಕೆಲಸ’ ಅಂದರು. ಸಾಲ ಇತ್ತು, ತೀರಬೇಕಿತ್ತು. ಬಂದರು. ಇನ್ನೊಂದು ಸಲ ಅಂದರು. ಮತ್ತೆ ಇನ್ನೊಂದು. ಕೊನೆಯ ಸಲ ಅನ್ನುವುದು ನಾಲ್ಕು ಸಲ ಬಂತು. ಎರಡನೇ ಸಲಕ್ಕೇ ನಾನು ಸರ ಕಟ್ಟುವುದನ್ನು ಬಿಟ್ಟೆ. ಹಡಗಿನಿಂದ ಫೋನ್ ಬಂದರೆ ಅಮ್ಮನಿಗೆ ಕೊಟ್ಟು ಹೋಗುತ್ತಿದ್ದೆ. ಅಪ್ಪನಿಗೆ ಫೋನಿನಲ್ಲಿ ಸಮಯ ಕಡಿಮೆ, ಅಮ್ಮ ಮಾತಾಡಲಿ ಅಂತ. ನಿಮ್ಮ ಮಗ ಹೇಳಿದ ಹಾಗೇ. ಸಿಟ್ಟು ಇರಲಿಲ್ಲ. ಆದರೆ ಹಾಗೆ ಮಾಡುತ್ತಾ ಮಾಡುತ್ತಾ ನಿಜಕ್ಕೂ ಹೇಳಲು ಏನೂ ಉಳಿಯಲಿಲ್ಲ.

ಅಪ್ಪ ದೂರ ಇದ್ದದ್ದು ನನ್ನನ್ನು ನೋಯಿಸಲಿಲ್ಲ ಅಕ್ಕಾ. ದಿನ ಹೇಳಿ ಆ ದಿನ ಬರದೇ ಇದ್ದದ್ದು ನೋಯಿಸಿತು. ನಕ್ಷೆಗಾರ ಸರ್ ಬರೆದ ಬಣ್ಣದ ಕಡ್ಡಿ ಮಕ್ಕಳ ಕಥೆ ಓದಿ ನನಗೆ ಕಣ್ಣು ತುಂಬಿತು.

ಈಗ ಹೇಗಿದೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ನೀವು ಹೆದರುತ್ತೀರಿ. ಅಪ್ಪ ನನಗೆ 15 ಆದಾಗ ಪೂರ್ತಿ ವಾಪಸ್ ಬಂದರು. ಮೊದಲ ಆರು ತಿಂಗಳು ಒಂದೇ ಮನೆಯಲ್ಲಿ ಅತಿಥಿಗಳ ಹಾಗೆ ಇದ್ದೆವು. ಆಮೇಲೆ ಅವರೊಂದು ಕೆಲಸ ಮಾಡಿದರು. ಗುರುವಾರ ಸಂಜೆ ನಿನ್ನದು ಅಂದರು. ನಾನು ಮಾತಾಡಲಿ ಬಿಡಲಿ, ಗುರುವಾರ ಆರಕ್ಕೆ ಹೊರಗಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಮೊದಲ ಎಷ್ಟೋ ಗುರುವಾರ ನಾನು ಹೋಗಲಿಲ್ಲ. ಅವರು ಏಳರ ತನಕ ಕೂತು ಎದ್ದು ಹೋಗುತ್ತಿದ್ದರು. ಒಂದು ಗುರುವಾರವೂ ತಪ್ಪಿಸಲಿಲ್ಲ. ಒಂದು ದಿನ ನನ್ನ ಸೈಕಲ್ ಚೈನ್ ಕಳಚಿತ್ತು, ತಗೊಂಡು ಹೋದೆ. ಅಲ್ಲಿಂದ ಶುರು.

ನಿಮ್ಮ ಮಗನಿಗೆ ಈಗ ಆರೇ ವರ್ಷ. ಅವನಿಗೆ ದಿನ ಹೇಳಿ. ಗೋಡೆಯ ಮೇಲೆ ಬರೆಯಿರಿ. ದಿನ ಮುಂದೆ ಹೋಗುವುದಾದರೆ, ಹೋಗುವ ಮೊದಲೇ ಅವನ ಹತ್ತಿರ ಕೂತು ಹೇಳಿ. ಮತ್ತೆ ವಾರದಲ್ಲಿ ಒಂದು ಹೊತ್ತು ಅವನದ್ದು ಅಂತ ಇಡಿ, ಪರೀಕ್ಷೆಯ ವಾರದಲ್ಲೂ.

ಹಳೆಯ_ನಕ್ಷೆಗಾರ

ಮಗಳೇ, ನಿಮ್ಮ ಅಪ್ಪ ಪುಣ್ಯವಂತರು. ಮೆಟ್ಟಿಲ ಮೇಲೆ ಕೂತು ಕಾಯುವುದಕ್ಕೆ ಅವರಿಗೆ ಸಮಯ ಸಿಕ್ಕಿತು.

ದೀಪ ತಂಗೀ, ಒಂದು ಸಣ್ಣ ಸೇರ್ಪಡೆ. ಕೋರ್ಸನ್ನು ನಿಧಾನ ಮಾಡುವ ದಾರಿ ಇದೆಯಾ ಅಂತ ಕೇಳಿದ್ದೀರಾ? ನಾವು ಯಾವಾಗಲೂ ಮುಂದುವರಿಸು ಅಥವಾ ಬಿಡು ಅಂತ ಎರಡೇ ಬಾಗಿಲು ನೋಡುತ್ತೇವೆ. ನಾನೂ ಕಾರ್ಖಾನೆಯಲ್ಲಿ ‘ಸಂಬಳ ಏರಿಸಿ, ಭಾನುವಾರ ಬರುವುದಿಲ್ಲ’ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಬೆಳಗಿನ_ದೀಪ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಟೀಮ್ ಲೀಡರ್ ಜಾಗ ಬೇಡ ಅಂದೆ. ಹೇಳುವಾಗ ಕೈ ನಡುಗಿತು, ಆದರೆ ಹೇಳಿ ಬಂದ ಮೇಲೆ ಹಗುರವಾಯಿತು. ಮ್ಯಾನೇಜರ್ ಸ್ವಲ್ಪ ಮುನಿಸಿಕೊಂಡರು. ನನ್ನ ಪಕ್ಕದ ಕುರ್ಚಿಯ ಹುಡುಗ ಒಪ್ಪಿಕೊಂಡಿದ್ದಾನೆ. ಅವನಿಗೆ ಅದು ಸರಿ ಹೋಗುತ್ತದೆ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಕೋರ್ಸಿನವರನ್ನು ಕೇಳಿದೆ. ಒಂದು ಸಲಕ್ಕೆ ಎರಡೇ ಪೇಪರ್ ಬರೆಯಬೇಕು ಅಂತ ಏನೂ ಇಲ್ಲವಂತೆ. ಎರಡು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ. ಮುಂದಿನ ಎರಡು ಸಲ ಒಂದೊಂದು, ಆಮೇಲಿನ ಎರಡು ಸಲ ಎರಡೆರಡು. ಒಂದೂವರೆಯ ಬದಲು ಎರಡು ವರ್ಷ. ಆರು ತಿಂಗಳು ಜಾಸ್ತಿ ಅಂತ ಮೊದಲು ಹೊಟ್ಟೆ ಉರಿಯಿತು. ಆಮೇಲೆ ಆ ಆರು ತಿಂಗಳಿಗೆ ಬದಲಾಗಿ ಏನು ಸಿಗುತ್ತದೆ ಅಂತ ಹಾಳೆಯ ಇನ್ನೊಂದು ಬದಿಯಲ್ಲಿ ಬರೆದೆವು.

ಅಲಾರಾಂ ಈಗ ಐದೂವರೆಗೆ. ರಾತ್ರಿ ಹತ್ತೂವರೆಗೆ ಮಲಗುತ್ತೇನೆ, ಓದು ಮುಗಿಯಲಿ ಬಿಡಲಿ. ಮೊದಲ ವಾರ ಪೂರ್ತಿ ತಲೆನೋವು ಇತ್ತು. ಈಗ ಇಲ್ಲ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ನಾನು ಪುಸ್ತಕ ಮುಟ್ಟುವುದಿಲ್ಲ, ಆ ಹೊತ್ತು ಅವರು ಓಡಲು ಹೋಗುತ್ತಾರೆ. ಹಳೇ ಶೂ ಅಡಿ ಕಿತ್ತುಬಂದಿತ್ತು. ಅಂಟು ಹಾಕಿಕೊಂಡೇ ಹೋದರು. ಮೊದಲ ದಿನ ಹತ್ತೇ ನಿಮಿಷಕ್ಕೆ ಏದುಸಿರು ಬಿಡುತ್ತಾ ವಾಪಸ್ ಬಂದರು, ಆದರೆ ಮುಖ ಬೇರೆಯೇ ಇತ್ತು.

ಬಣ್ಣದ ಕಾಗದದ ಸರ ಮಾಡಿದ್ದೇವೆ. ಎರಡು ವರ್ಷಕ್ಕೆ ವಾರಕ್ಕೊಂದು ಅಂದರೆ 104 ಉಂಗುರ, ತುಂಬಾ ಉದ್ದ. ಅದಕ್ಕೆ ತಿಂಗಳಿಗೊಂದು ಮಾಡಿದೆವು, 24. ಮಗನೇ ಅಂಟಿಸಿದ. ಕೊನೆಯ ಉಂಗುರ ಹರಿದ ದಿನ ಏನು ಮಾಡೋಣ ಅಂತ ಕೇಳಿದೆ. ಇನ್ನೂ ಯೋಚನೆ ಮಾಡಬೇಕು ಅಂದಿದ್ದಾನೆ.

ನಿನ್ನೆ ಮಂಗಳವಾರ. ಅವನು ಸ್ಕೂಲಿಗೆ ಹೊರಟಾಗ ನಾನು ಮೊದಲೇ ಹೋಗಿ ಶೂ ಹತ್ತಿರ ಕೂತೆ. ಲೇಸ್ ಕಟ್ಟಲಾ ಅಂದೆ. ‘ನನಗೇ ಬರುತ್ತೆ’ ಅಂದ. ಯಾವಾಗ ಕಲಿತನೋ ಗೊತ್ತಿಲ್ಲ, ಅಪ್ಪ ಕಲಿಸಿದ್ದಾರೆ. ಎರಡು ಕಿವಿ ಮಾಡಿ, ಒಂದರೊಳಗೆ ಒಂದು ತೂರಿಸಿ, ನಾಲಿಗೆ ಕಚ್ಚಿಕೊಂಡು ಎಳೆದ. ನಾನು ಕಟ್ಟುವ ಹಾಗಲ್ಲ ಅದು. ನನಗೂ ಹೇಳಿಕೊಡು ಅಂದೆ. ನನ್ನ ಮುಖ ನೋಡಿದ, ನನ್ನ ಪಕ್ಕದಲ್ಲಿ ಪುಸ್ತಕ ಇದೆಯಾ ಅಂತಲೂ ನೋಡಿದ. ಆಮೇಲೆ ಇನ್ನೊಂದು ಕಾಲು ನನ್ನ ಮಡಿಲಿಗೆ ಚಾಚಿದ.

ಮುಂದಿನ ಪೇಪರ್ ಆಡಿಟಿಂಗ್. ಬರೆದು ಬಂದ ಮೇಲೆ ತಿಳಿಸುತ್ತೇನೆ.